ಮೂರನೆಯ ಕಚ್ಚು

ಕೆಂಚಿಯ ಕಿವಿಗಳನ್ನು ನೋಡದೆ ಅದರ ಕೆಚ್ಚಲಿಗೆ ಮರಿ ಬಿಡುವುದನ್ನು ಭೀಮಕ್ಕ ಇನ್ನೂ ಕಲಿತಿರಲಿಲ್ಲ. ನೋಡಬಾರದು ಅಂದುಕೊಂಡೇ ಕೂರುತ್ತಿದ್ದಳು, ಕಣ್ಣು ಮಾತ್ರ ಅಲ್ಲಿಗೇ ಹೋಗುತ್ತಿತ್ತು. ಬಲಗಿವಿಯ ತುದಿ ಎರಡಾಗಿ ಸೀಳಿತ್ತು. ಅದು ಗಂಡನ ಮನೆಯ ಗುರುತು. ಅವಳು ಬಳುವಳಿಯಾಗಿ ತಂದ ಕುರಿಯ ಹೊಟ್ಟೆಯಲ್ಲಿ ಕೆಂಚಿ ಹುಟ್ಟಿದಾಗ ಮಾವ ಇನ್ನೂ ಬದುಕಿದ್ದ, ತಾನೇ ಕೂತು ಸೀಳಿದ್ದ. ಎಡಗಿವಿಯ ಅಂಚಿನಲ್ಲಿ ಒತ್ತೊತ್ತಾಗಿ ಎರಡು ಕಚ್ಚು. ಅದು ಅಣ್ಣ ಪಾಲಣ್ಣನದು. ಮೂರು ವರ್ಷದ ಹಿಂದೆ ಅವಳು ಗಂಡನ ಮನೆ ಬಿಟ್ಟು ಹನ್ನೊಂದು ಕುರಿಗಳನ್ನು ಹೊಡೆದುಕೊಂಡು ತವರಿಗೆ ಬಂದ ಮರುದಿನವೇ ಅವನು ಒಂದು ಮಾತೂ ಕೇಳದೆ ಹಾಕಿದ್ದು. ಆ ಕಿವಿ ಅವರದು, ಈ ಕಿವಿ ಇವನದು. ಕುರಿಗೆ ಇನ್ನೊಂದು ಕಿವಿ ಎಲ್ಲಿಂದ ತರುವುದು? ಕೆಳಗೆ ಮರಿ ಬಾಲ ಕುಣಿಸುತ್ತ ಹಾಲು ಎಳೆಯುತ್ತಿತ್ತು. ಅದರ ಎರಡೂ ಕಿವಿಗಳು ಪೂರಾ ಇದ್ದವು, ಬಿಸಿಲಿಗೆ ಒಳಗಿನ ನರ ಕಾಣುವಷ್ಟು ತೆಳ್ಳಗೆ. ಇವತ್ತು ಮಧ್ಯಾಹ್ನದೊಳಗೆ ಅವಕ್ಕೂ ಕತ್ತಿ ತಾಕುತ್ತದೆ. ಹೊನ್ನಾಳಿಯ ಹತ್ತಿರ ಹೊಳೆ ದಾಟುವ ಮುಂಚೆ, ದಾರಿಯಲ್ಲಿ ಹುಟ್ಟಿದ ಮರಿಗಳಿಗೆಲ್ಲ ಗುರುತು ಹಾಕಿಬಿಡಬೇಕು ಎನ್ನುವುದು ಅವರ ಮಂದೆಯ ಕಟ್ಟಳೆ. ಆಚೆ ದಡದಲ್ಲಿ ಹತ್ತು ಊರಿನ ಹಿಂಡುಗಳು ಕಲೆಯುತ್ತವೆ. ನ್ಯಾಮತಿ, ಸವಳಂಗದ ಕೊಯ್ದ ಗದ್ದೆಗಳಲ್ಲಿ ಕಿವಿ ಪೂರಾ ಇರುವ ಮರಿ ಯಾರ ಕೈಗೆ ಸಿಕ್ಕಿತೋ ಅವರದು.

ಈ ಮರಿಗೆ ತನ್ನದೇ ಗುರುತು ಬೀಳಬೇಕು ಎಂದು ಅವಳು ಹಟ ಹಿಡಿದು ಇಪ್ಪತ್ತು ದಿನವಾಗಿತ್ತು. ಗಂಡನದಲ್ಲ, ಅಣ್ಣನದಲ್ಲ, ತನ್ನದು. ಕೇಳಿದವರೆಲ್ಲ ನಕ್ಕಿದ್ದರು. ಮಂದೆಯಲ್ಲಿ ನಾಲ್ಕು ಮನೆಯ ಕುರಿಗಳಿದ್ದವು, ಆರು ಗಂಡಸರಿದ್ದರು, ಪಾತ್ರೆ, ರಾತ್ರಿ ಕುರಿ ಕೂಡುವ ಬಲೆ ಹೊರುವ ಎರಡು ಕತ್ತೆಗಳಿದ್ದವು, ಬೇಯಿಸಿಹಾಕಲು ಅವಳೊಬ್ಬಳಿದ್ದಳು. ನಕ್ಕವರ ಲೆಕ್ಕದಿಂದ ಕತ್ತೆಗಳನ್ನು ಮಾತ್ರ ಅವಳು ಬಿಟ್ಟಿದ್ದಳು.

ಬಲೆ ಸುತ್ತಿ ಕತ್ತೆಯ ಮೇಲೆ ಹೇರುವ ಹೊತ್ತಿಗೆ ಪಾಲಣ್ಣ ಆಗಲೇ ಮುಂದೆ ಹೊರಟಿದ್ದ. ಹೆಗಲ ಮೇಲೆ ಕೋಲು, ಕೋಲಿನ ಮೇಲೆ ಎರಡೂ ಕೈ, ತಲೆಗೆ ಸುತ್ತಿದ ಕೆಂಪು ಟವಲು. ಆ ಟವಲಿನ ಹಿಂಬದಿಯನ್ನು ನೋಡಿಕೊಂಡು ಮೂರು ವರ್ಷ ನಡೆದಿದ್ದೇನೆ ಅನ್ನಿಸಿತು ಭೀಮಕ್ಕನಿಗೆ. ತಿರುಗಿ ನೋಡುವುದಿಲ್ಲ, ಕಾಲು ನೋಯುತ್ತಾ ಅಂತ ಕೇಳುವುದಿಲ್ಲ. ಇವನೇ ತಾನೆ ಅವಳನ್ನು ಚಿಕ್ಕವಳಿದ್ದಾಗ ಭುಜದ ಮೇಲೆ ಕೂರಿಸಿಕೊಂಡು ಕುರಿರೊಪ್ಪದ ಬೇಲಿಯಾಚೆ ಹುಲ್ಲು ತೋರಿಸಿದವನು. ಈಗ ಅನ್ನ ಬಡಿಸಿದರೆ ತಲೆ ಎತ್ತದೆ ತಿನ್ನುತ್ತಾನೆ. ಅತ್ತಿಗೆ ಬೊಮ್ಮಕ್ಕ ಊರಿನಲ್ಲಿ ಮನೆ ನೋಡಿಕೊಂಡಿದ್ದಾಳೆ. ಅವಳಿಗೆ ನಡೆಯುವುದು ಆಗದು, ನಾದಿನಿ ನಡೆದರೆ ಮನೆಯಲ್ಲಿ ಒಂದು ಬಾಯಿ ಕಡಿಮೆ, ದಾರಿಯಲ್ಲಿ ಎರಡು ಕೈ ಹೆಚ್ಚು. ಇದನ್ನು ಬೊಮ್ಮಕ್ಕ ಬಾಯಿಬಿಟ್ಟು ಹೇಳಿದವಳಲ್ಲ. ಹೇಳಿದ್ದರೆ ಒಂದು ಜಗಳವಾದರೂ ಆಗಿ ಮುಗಿಯುತ್ತಿತ್ತು. ಗಂಡನ ಮನೆಯಲ್ಲೂ ಯಾರೂ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಮಾವ ಸತ್ತ ವರ್ಷ ಗಂಡ ಜಂಪಣ್ಣ ತನ್ನ ಪಾಲಿನ ಕುರಿಗಳನ್ನೆಲ್ಲ ಮಾರಿ ಜಗಳೂರಿನ ಬಸ್‌ಸ್ಟ್ಯಾಂಡಿನ ಎದುರು ಅಂಗಡಿ ಇಟ್ಟ. ಬೀಡಿ, ಬೆಂಕಿಪೊಟ್ಟಣ, ಸೀಮೆಎಣ್ಣೆ, ಗೋಡೆಗೆ ಕನ್ನಡಿ. ಭೀಮಕ್ಕ ತನ್ನ ಹನ್ನೊಂದನ್ನು ಮಾರಗೊಡಲಿಲ್ಲ. ಹಿತ್ತಲಿನಲ್ಲಿ ಅವನ್ನು ನೋಡಿಕೊಂಡು ಒಳಗೆ ಬಂದರೆ ಅತ್ತೆ ಕೊಲ್ಲಾಪುರಮ್ಮ ಎದ್ದು ಹೋಗಿ ಊದುಬತ್ತಿ ಹಚ್ಚುತ್ತಿದ್ದಳು. ಒಂದು ಮಾತಿಲ್ಲ. ಭೀಮಕ್ಕ ನೀರು ಕುಡಿಯಲು ಬಂದರೂ ಊದುಬತ್ತಿ, ಹಾಸಿಗೆ ಹಾಸಲು ಬಂದರೂ ಊದುಬತ್ತಿ. ಅಂಗಡಿಯ ಊದುಬತ್ತಿಯಲ್ಲಿ ಅರ್ಧ ಸೊಸೆಯ ಮೈವಾಸನೆಗೇ ಖರ್ಚಾಯಿತು. ನಲವತ್ತು ವರ್ಷ ಕುರಿಯ ಹಿಕ್ಕೆಯ ಮೇಲೆ ಮಲಗಿ ಎದ್ದ ಮುದುಕಿ! ಒಂದು ದಿನ ಜಂಪಣ್ಣ, ಆ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತ, ‘ಗಿರಾಕಿಗಳು ಬರೋ ಹೊತ್ನಾಗೆ ಅಂಗಡೀ ಕಡೆ ಬರಬ್ಯಾಡ’ ಅಂದ. ಅವಳು ಬರಲಿಲ್ಲ. ಅಂಗಡಿಯ ಕಡೆಗಷ್ಟೇ ಅಲ್ಲ, ಆಮೇಲೆ ಯಾವ ಕಡೆಗೂ ಬರಲಿಲ್ಲ.

ನಾಲೆಯ ಏರಿ ಮುಗಿದು ಗಾಡಿದಾರಿ ಸಿಕ್ಕಿತು. ಭತ್ತ ಕೊಯ್ದ ಕೂಳೆ ಅಂಗಾಲಿಗೆ ಚುಚ್ಚುವುದು ನಿಂತು ಬಿಸಿ ದೂಳು ಶುರುವಾಯಿತು. ಮರಿ ಸ್ವಲ್ಪ ದೂರ ನಡೆದು ಹಿಂದೆ ಬಿತ್ತು, ಭೀಮಕ್ಕ ಅದನ್ನು ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡಳು. ಅದರ ಎದೆ ಅವಳ ಹೊಟ್ಟೆಗೆ ಬಡಿಯುತ್ತಿತ್ತು. ‘ಇವೆಲ್ಲಾ ನಿಮ್ಮ ಯಜಮಾನ್ರ ಕುರಿಗಳೇನ್ರೀ?’ ಎಂದು ತಿಂಗಳ ಹಿಂದೆ ತ್ಯಾವಣಿಗೆಯಲ್ಲಿ ಕಸ್ತೂರಮ್ಮ ಕೇಳಿದ್ದಳು. ಅವರ ಗದ್ದೆಯಲ್ಲಿ ಐದು ದಿನ ಮಂದೆ ಕೂರಿಸಿದ್ದರು. ಕುರಿ ಮಲಗಿ ಎದ್ದ ಗದ್ದೆಗೆ ಬೇರೆ ಗೊಬ್ಬರ ಬೇಡ, ಅದಕ್ಕೆ ಬದಲಾಗಿ ಮಂದೆಯವರ ಊಟಕ್ಕೆ ಅಕ್ಕಿ ಬೇಳೆ ಗದ್ದೆಯವರದು. ಕಸ್ತೂರಮ್ಮ ಒಳ್ಳೆಯ ಹೆಂಗಸು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಮಜ್ಜಿಗೆಯ ತಂಬಿಗೆ. ಕೆಟ್ಟವಳಾಗಿದ್ದರೆ ಭೀಮಕ್ಕನಿಗೆ ಸುಲಭವಾಗುತ್ತಿತ್ತು. ‘ನಮ್ಮಣ್ಣನವು’ ಅಂದಳು. ‘ಹಂಗಾರೆ ನಿಮ್ಮ ಯಜಮಾನ್ರು?’ ‘ಜಗಳೂರಾಗೆ ಅದಾರೆ.’ ‘ನಿಮ್ದು ಜಗಳೂರೇ ಏನ್ರೀ?’ ಭೀಮಕ್ಕ ಹೂಂ ಅಂದಳು. ಹೂಂ ಅಂದಕೂಡಲೇ ಬಾಯಿ ಕಹಿಯಾಯಿತು. ಅಲ್ಲ, ಅಲ್ಲೇ ಹತ್ತಿರ ಒಂದು ಹಟ್ಟಿ ಅಂತ ತಿದ್ದಿದಳು. ಅದೂ ಸರಿ ಅನ್ನಿಸಲಿಲ್ಲ. ಯಾವೂರು ಅಂತ ಕೇಳಿದರೆ ಉತ್ತರ ಬಾರದ ಹೆಂಗಸನ್ನು ಕಸ್ತೂರಮ್ಮ ಮೊದಲ ಸಲ ನೋಡಿದ್ದಿರಬೇಕು, ಪಾಪ ಅನ್ನುವ ಮುಖ ಮಾಡಿ ಇನ್ನೊಂದು ತಂಬಿಗೆ ಮಜ್ಜಿಗೆ ಹೊಯ್ದಳು. ಭೀಮಕ್ಕ ಕುಡಿದಳು. ಆ ಪಾಪದ ಮಜ್ಜಿಗೆಯನ್ನು ಚೆಲ್ಲಬೇಕಿತ್ತು ಎಂದು ಚನ್ನಗಿರಿ ದಾಟುವವರೆಗೂ ಮೈ ಪರಚಿಕೊಂಡಳು.

ಹೇಳಬಹುದಾದ ಉತ್ತರವೊಂದು ಇತ್ತು, ಆದರೆ ಅದನ್ನು ಯಾರಿಗೆ ಹೇಳುವುದು? ತ್ಯಾವಣಿಗೆಯ ಗದ್ದೆಯ ಬದುವಿನ ಹುಣಸೆಮರದ ಕೆಳಗೆ ಅವಳು ಹೋದ ವರ್ಷ ಹೂಡಿದ ಒಲೆಯ ಮೂರು ಕಲ್ಲು ಹಾಗೆಯೇ ಇದ್ದವು, ಅವಳದೇ ಮಸಿ ಹಿಡಿದು. ಚನ್ನಗಿರಿಯಾಚೆ ಕೆರೆಯ ಕೋಡಿಯಲ್ಲಿ ಇನ್ನು ಮೂರು. ಉಬ್ರಾಣಿಯಲ್ಲಿ ಒಂದು ಕಲ್ಲನ್ನು ಯಾರೋ ಬದುವಿಗೆ ಹೊತ್ತುಹಾಕಿದ್ದರು. ಅವಳು ಹುಡುಕಿ, ಬೈದುಕೊಂಡು, ಅದನ್ನೇ ಉರುಳಿಸಿ ತಂದಳು, ಪಕ್ಕದಲ್ಲಿ ಬೇಕಾದಷ್ಟು ಕಲ್ಲಿದ್ದರೂ. ಒಲೆ ಹತ್ತಿಸಿ ಹೊಗೆ ಎದ್ದಾಗ ಅವಳಿಗೆ ತಾನು ಎಲ್ಲಿಗೋ ಬಂದೆ ಅನ್ನಿಸುತ್ತಿತ್ತು. ಜಗಳೂರಿನ ಅಡಿಗೆಮನೆಯಲ್ಲಿ ಒಂಬತ್ತು ವರ್ಷ ಒಲೆ ಊದಿದರೂ, ಅಣ್ಣನ ಮನೆಯಲ್ಲಿ ಪಾತ್ರೆ ಬೆಳಗಿದರೂ ಹಾಗೆ ಅನ್ನಿಸಿರಲಿಲ್ಲ. ನಡೆಯುವಾಗ ಮುಂದಿನ ಕಲ್ಲುಗಳು ಎಷ್ಟು ದೂರ ಅಂತ ಕಾಲಿಗೇ ಗೊತ್ತಾಗುತ್ತಿತ್ತು. ಇದನ್ನು ಊರು ಅನ್ನುತ್ತಾರೆಯೇ? ಅನ್ನುವುದಿಲ್ಲ. ವರ್ಷಕ್ಕೆ ಐದು ದಿನ ಕೂರುವ ಕಡೆಯನ್ನು ನನ್ನದು ಅಂದರೆ ಕೇಳಿದವರು ನಗುತ್ತಾರೆ, ಆಗಲೇ ಸಾಕಷ್ಟು ನಕ್ಕಿದ್ದಾರೆ.

ಉಬ್ರಾಣಿ. ನಡೆಯುತ್ತ ನಡೆಯುತ್ತ ಆ ಹೆಸರು ಬರದಂತೆ ಬೇರೆ ಏನನ್ನಾದರೂ ಹಿಡಿದುಕೊಳ್ಳಲು ನೋಡಿದಳು. ಮರಿ ಸೆರಗಿನಲ್ಲಿ ಮಿಸುಕಿತು. ಆ ದಿನ ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ ಕೇಳಿದ್ದಳು, ‘ಇನ್ಮ್ಯಾಲೆ ನನ್ನ ಕುರಿ ಮರಿ ಹಾಕಿದ್ರೆ ಗುರುತು ನಂದೇ ಹಾಕಬೇಕು’ ಎಂದು. ಪಾಲಣ್ಣ ಮುದ್ದೆ ಮುರಿಯುತ್ತಲೇ, ‘ಗುರುತು ಬೇಕಂದ್ರೆ ಗಂಡನ ಮನೆಗೆ ಹೋಗು. ನಿನ್ನ ಗುರುತು ಅಲ್ಲೈತೆ’ ಅಂದ. ಯಾರೋ ಕಿಸಕ್ಕೆಂದರು. ಅವಳು ಪಾತ್ರೆ ಹಾಗೆಯೇ ಬಿಟ್ಟು ಮರದ ನೆರಳಿಗೆ ಹೋಗಿ ಮುಖದ ಮೇಲೆ ಕಂಬಳಿ ಎಳೆದುಕೊಂಡು ಮಲಗಿದಳು. ಕೆಂಚಿ ಅದೇ ಬೆಳಿಗ್ಗೆ ಸತ್ತ ಮರಿ ಹಾಕಿತ್ತು. ಮರಿಯೇ ಇಲ್ಲ, ಗುರುತಿನ ಮಾತು ಯಾಕೆ ತೆಗೆದೆನೋ ಎಂದು ತನ್ನ ಮೇಲೂ ಸಿಟ್ಟು ಬಂದಿತ್ತು. ಬಿಸಿಲು ಕಂಬಳಿಯ ನೂಲಿನೊಳಗಿಂದ ಚುಕ್ಕಿಚುಕ್ಕಿಯಾಗಿ ಬೀಳುತ್ತಿತ್ತು. ಆಗ ಬದುವಿನಾಚೆಯಿಂದ ಕುರಿ ಕೂಗಿತು. ಹಸಿವಿನ ಕೂಗು ಬೇರೆ, ದಾರಿ ತಪ್ಪಿದ ಕೂಗು ಬೇರೆ, ಈಯಲಾರದ ಕುರಿಯ ಕೂಗು ಬೇರೆ. ಅದು ಪಾಲಣ್ಣನ ಕರಿಮೋರೆಯ ಕುರಿ ಎಂದು ಕೂಗಿನಲ್ಲೇ ಗೊತ್ತಾಯಿತು. ಮರಿ ಅಡ್ಡ ತಿರುಗಿದ್ದರೆ ಕೈ ಹಾಕಿ ಸರಿಮಾಡುವುದು ಮಂದೆಯಲ್ಲಿ ಅವಳ ಕೆಲಸ. ಗಂಡಸರ ಕೈ ದಪ್ಪ. ಎರಡನೆಯ ಸಲ ಕೂಗಿತು. ಏಳಬೇಕು ಅಂದುಕೊಂಡಳು. ಅವನ ಕುರಿ, ಅವನ ಗುರುತು, ಅವನೇ ಏಳಲಿ ಅಂದುಕೊಂಡಳು. ಮೂರನೆಯ ಸಲದ ಕೂಗು ಸಣ್ಣದಾಗಿತ್ತು. ಆಮೇಲೆ ಕೂಗದೆ ಇದ್ದಾಗ ಎದ್ದು ಓಡಿದಳು. ಕುರಿಯ ಕಣ್ಣು ಬೆಳ್ಳಗಾಗಿತ್ತು, ಉಸಿರಿರಲಿಲ್ಲ. ಮೊಣಕೈವರೆಗೂ ಕೈ ಹಾಕಿ ಮರಿಯನ್ನು ಎಳೆದಳು, ಬಾಯೊಳಗಿನ ಲೋಳೆ ತೆಗೆದಳು, ಮೂಗಿಗೆ ಊದಿದಳು, ಅದು ಸೀನಿತು. ಅಷ್ಟು ಹೊತ್ತಿಗೆ ಎಲ್ಲರೂ ಬಂದಿದ್ದರು. ಮರಿಯನ್ನು ಕೆಂಚಿಗೆ ಬಿಡಲು ಮೂರು ದಿನ ಅದರ ಹಿಂಗಾಲು ಹಿಡಿದು ಕೂತಳು, ಕೆಂಚಿಯ ಹಾಲನ್ನೇ ಮರಿಯ ಮೈಗೆ ಸವರಿದಳು, ಒದೆ ತಿಂದಳು. ಮಂದೆಯ ಹಿರಿಯ ಪಾಪಣ್ಣಜ್ಜ ಎಲ್ಲರೆದುರು, ‘ಭೀಮಕ್ಕ ಇಲ್ದಿದ್ರೆ ಮರೀನೂ ಉಳೀತಿರಲಿಲ್ಲ’ ಅಂದ. ಅದಾದ ಮೇಲೆ ಇಪ್ಪತ್ತು ದಿನ ಆ ಮಾತನ್ನು ಹೊತ್ತು ನಡೆದಿದ್ದಾಳೆ. ಒಮ್ಮೆಯಾದರೂ ಯಾರಾದರೂ ಬೈದಿದ್ದರೆ ಎಷ್ಟು ಹಗುರಾಗುತ್ತಿತ್ತು.

ಹೊಳೆ ಕಾಣಿಸಿತು. ಬೇಸಿಗೆ ಇನ್ನೂ ಶುರುವಾಗಿರಲಿಲ್ಲ, ಆದರೂ ನೀರು ನಡುವೆ ಒಂದು ಕಡೆ ಮೊಣಕಾಲಿಗೆ ಬರುವಷ್ಟು ಮಾತ್ರ ಇತ್ತು, ಉಳಿದದ್ದೆಲ್ಲ ಮರಳು, ಬಂಡೆ. ಆಚೆ ದಡದಲ್ಲಿ ಹೊನ್ನಾಳಿಯ ಮನೆಗಳು, ಕೆಂಪು ಬಸ್ಸೊಂದು ದೂಳೆಬ್ಬಿಸುತ್ತ ಹೋಗುತ್ತಿತ್ತು. ಭೀಮಕ್ಕ ನೇರ ತನ್ನ ಕಲ್ಲುಗಳ ಕಡೆಗೆ ಹೋದಳು. ಎರಡು ಇದ್ದವು. ಮೂರನೆಯದರ ಮೇಲೆ ಯಾರೋ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ‘ಆ ಕಲ್ಲು ನಂದು’ ಅಂದಳು ಭೀಮಕ್ಕ. ಒಗೆಯುವವಳು ಅವಳನ್ನೂ ಕಲ್ಲನ್ನೂ ನೋಡಿ, ‘ಹೊಳೀ ಕಲ್ಲಿಗೆ ಹೆಸರು ಬರ್ದಿರ್ತಾರೇನ್ರೀ?’ ಎಂದು ಒಗೆಯುವುದನ್ನು ಮುಂದುವರಿಸಿದಳು. ಭೀಮಕ್ಕ ಎರಡು ಕಲ್ಲಿನ ಪಕ್ಕ ಇನ್ನೊಂದನ್ನು ಎತ್ತಿಹಾಕಿ ಒಲೆ ಹತ್ತಿಸಿದಳು. ಹೊಗೆಗೆ ಕಣ್ಣಲ್ಲಿ ನೀರು ಬಂತು. ಹೊಗೆಗೇ.

ಪಾಪಣ್ಣಜ್ಜ ಬಂಡೆಯ ಮೇಲೆ ಕಂಬಳಿ ಹಾಸಿ ಕೂತ, ಸಣ್ಣ ಕತ್ತಿಯನ್ನು ಕಲ್ಲಿಗೆ ಮಸೆದ. ಒಂದೊಂದೇ ಮನೆಯವರು ತಮ್ಮ ಮರಿಗಳನ್ನು ತಂದರು. ಕಚ್ಚು, ಒಂದು ಕಿರುಚು, ಎರಡು ಹನಿ ರಕ್ತ, ಭೀಮಕ್ಕನ ಒಲೆಯಿಂದ ಒಂದು ಚಿಟಿಕೆ ಬೂದಿ. ಬೂದಿ ಹಾಕುವುದು ಅವಳ ಪಾಲಿನ ಕೆಲಸ. ಹದಿನಾರು ಮರಿಗಳಿಗೆ ಬೂದಿ ಹಾಕಿದಳು. ಕೊನೆಗೆ ಪಾಲಣ್ಣ ಬಂದು ಅವಳ ಕಾಲಿನ ಹತ್ತಿರ ಇದ್ದ ಮರಿಯನ್ನು ಎತ್ತಿಕೊಂಡ.

‘ಅದನ್ನ ಇಳಿಸು’ ಅಂದಳು.

‘ಯಾಕೆ?’

‘ನನ್ನ ಕೆಂಚಿ ಹಾಲು ಕುಡ್ದೈತೆ. ಅದು ನಂದು. ನನ್ನ ಗುರುತು ಹಾಕ್ರಿ, ಇಲ್ಲಾ ಅಂದ್ರೆ ನಾನು ಹೊಳೆ ದಾಟಂಗಿಲ್ಲ. ನೀವೇ ಬೇಯಿಸ್ಕಂಡು ತಿನ್ರಿ.’

ಈ ಸಲ ಯಾರೂ ನಗಲಿಲ್ಲ. ಬೇಯಿಸಿಕೊಳ್ಳುವ ಮಾತು ಬಂದದ್ದಕ್ಕೆ ಇರಬಹುದು. ಪಾಪಣ್ಣಜ್ಜ ಕತ್ತಿಯನ್ನು ಮೊಣಕಾಲ ಮೇಲೆ ಇಟ್ಟು, ‘ಹಾಲು ಯಾರ್ದಾದ್ರೂ ಆಗ್ಲಿ ಯವ್ವಾ, ಮರಿ ಹೊಟ್ಟೆ ಯಾರ್ದೋ ಅವರ್ದು. ಅದು ಪಾಲಣ್ಣನ ಕುರೀ ಹೊಟ್ಟೇದು. ಹಂಗಂತ ನೀನು ಉಳಿಸಿಲ್ಲಾ ಅಂತ ಯಾರೂ ಅನ್ನಂಗಿಲ್ಲ. ಅವತ್ತು ನೀನು ಇಲ್ದಿದ್ರೆ...’ ಎಂದು ಶುರುಮಾಡಿದ.

‘ನಾನು ಉಳಿಸಲಿಲ್ಲ!’ ಅವಳ ದನಿ ಹೊಳೆಯಾಚೆಗೂ ಕೇಳಿರಬೇಕು, ಬಟ್ಟೆ ಒಗೆಯುವ ಸದ್ದು ನಿಂತಿತು. ‘ಎಷ್ಟು ಸಲ ಅದನ್ನೇ ಅಂತೀರಿ? ಕರಿಮೋರೆ ಕೂಗಿದ್ದು ನನಗೆ ಕೇಳಿಸ್ತು. ಮೂರು ಸಲ ಕೂಗ್ತು. ಎದ್ದು ಬರಲಿಲ್ಲ ನಾನು. ಕಂಬಳಿ ಹೊದ್ಕಂಡು ಮಲಗಿದ್ದೆ, ಸಾಯ್ಲಿ ಅಂತ. ಇವನ ಕುರಿ ಅಂತ. ತಾಯೀನ ಕೊಂದೋಳು ನಾನು, ಮರೀನೂ ನನಗೇ ಬೇಕು. ಈಗ ಏನ್ ಮಾಡ್ತೀರೋ ಮಾಡ್ರಿ!’

ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆ ಎನ್ನುವುದು ಅವಳಿಗೆ ತಿಳಿಯಿತು. ಇನ್ನು ಇವರೂ ಊದುಬತ್ತಿ ಹಚ್ಚುತ್ತಾರೆ. ಇಲ್ಲಿಂದ ಬಸ್ಸು ಹತ್ತಿದರೆ ಸಂಜೆಗೆ ದಾವಣಗೆರೆ, ಅಲ್ಲಿಂದ ಎಲ್ಲಿಗೆ? ಹಟ್ಟಿಗೆ ಹೋದರೆ ಬೊಮ್ಮಕ್ಕನ ಮುಖ, ಜಗಳೂರಿಗೆ ಹೋದರೆ ಆ ಕನ್ನಡಿ. ಬೂದಿ ಮೆತ್ತಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು. ಬಿಸಿಲಿಗೆ ಮರಳು ಕಣ್ಣು ಕುಕ್ಕುತ್ತಿತ್ತು. ಕಿವಿ ಕುಯ್ಯಿಸಿಕೊಂಡ ಮರಿಗಳು ಅತ್ತಿತ್ತ ಅಮ್ಮಂದಿರನ್ನು ಹುಡುಕುತ್ತಿದ್ದವು.

‘ನನಗೂ ಕೇಳಿಸ್ತು’ ಅಂದ ಪಾಲಣ್ಣ.

ಅವಳು ಅವನನ್ನು ನೋಡಿದಳು. ಅವನು ಮರಿಯ ತಲೆಯನ್ನು ನೋಡುತ್ತಿದ್ದ. ‘ನಾನೂ ಅಲ್ಲೇ ಬಂಡೆ ಮರೆಗೆ ಮಲಗಿದ್ದೆ. ಮೊದಲ್ನೇ ಕೂಗೇ ಕೇಳಿಸ್ತು. ನನ್ನ ಕೈ ಒಳಗೆ ಹೋಗಾಕಿಲ್ಲ, ನಿನ್ನ ಕರೀಬೇಕು. ಸ್ವಲ್ಪ ಮುಂಚೆ ನಿನಗೆ ಅಂಥಾ ಮಾತು ಅಂದಿದ್ದೆ. ಕರೆಯಾಕೆ ಬಾಯಿ ಬರಲಿಲ್ಲ. ಅವಳೇ ಏಳ್ತಾಳೆ ಬಿಡು ಅಂತ ಬಿದ್ಕಂಡಿದ್ದೆ.’ ಆಮೇಲೆ, ಅವಳ ಮೇಲೆಯೇ ರೇಗುವವನ ಹಾಗೆ, ‘ನೀನೂ ಏಳಲಿಲ್ಲ!’ ಅಂದ.

‘ನಾನ್ಯಾಕೆ ಏಳ್ಲಿ? ಬಾಯಿಬಿಟ್ಟು ಕರೆದಿದ್ರೆ ಏನ್ ಹೋಗ್ತಿತ್ತು ನಿನ್ನ ಗಂಟು?’

‘ನಿನಗೆ ಎದ್ದು ಬಂದಿದ್ರೆ ಏನ್ ಹೋಗ್ತಿತ್ತು?’

ಇಬ್ಬರೂ ಒಂದೇ ಥರ ಮೂಗು ಅರಳಿಸಿಕೊಂಡು ನಿಂತಿದ್ದರು. ಇಪ್ಪತ್ತು ದಿನ ಇವನೂ ಇದೇ ಭಾರ ಹೊತ್ತು ಮುಂದೆ ಮುಂದೆ ನಡೆದನೇ? ತಿರುಗಿ ನೋಡದೆ ಇದ್ದದ್ದು ಇದಕ್ಕೇನೇ? ಭೀಮಕ್ಕನಿಗೆ ಸಮಾಧಾನವಾಗಲಿಲ್ಲ, ಇನ್ನಷ್ಟು ಸಿಟ್ಟು ಬಂತು. ಮೊದಲೇ ಹೇಳಿದ್ದರೆ ಅವಳು ಅಷ್ಟೂ ದಿನ ಒಬ್ಬಳೇ ಕೊಳೆಯಬೇಕಾಗಿರಲಿಲ್ಲ. ಆದರೂ ಆ ಸಿಟ್ಟು ಬೇರೆಯಾಗಿತ್ತು. ಚಿಕ್ಕಂದಿನಲ್ಲಿ ಇವನು ತನ್ನ ಪಾಲಿನ ಬೆಲ್ಲ ಕಿತ್ತುಕೊಂಡಾಗ ಬರುತ್ತಿದ್ದ ಸಿಟ್ಟು ಅದು, ಮನೆಯವರ ಮೇಲೆ ಮಾತ್ರ ಬರುವಂಥದ್ದು.

ಪಾಪಣ್ಣಜ್ಜ ಇಬ್ಬರನ್ನೂ ನೋಡಿ ಮರಳಿಗೆ ಉಗಿದ. ‘ಕುರಿ ಸತ್ತಿದ್ದು ನಿಮ್ಮಿಬ್ಬರ ಸಿಟ್ಟಿಗೆ. ಇಬ್ಬರ ಬಾಯಿಗೂ ಮಣ್ಣು ಬೀಳ್ಲಿ’ ಅಂದ. ಅವಳು ಇಪ್ಪತ್ತು ದಿನದಿಂದ ಕಾಯುತ್ತಿದ್ದ ಬೈಗುಳ ಅದು. ಆಮೇಲೆ ಅವನು ಕತ್ತಿಯನ್ನು ಹಿಡಿಕೆ ಮುಂದೆ ಮಾಡಿ ಪಾಲಣ್ಣನ ಕಡೆಗೆ ಚಾಚಿದ. ಮರಿ ಅವನದು, ಮಾತೂ ಅವನದೇ. ಪಾಲಣ್ಣ ಕತ್ತಿ ಮುಟ್ಟಲಿಲ್ಲ. ಮರಿಯನ್ನು ಎದೆಗೆ ಅವುಚಿ ಬಂಡೆಯ ಮೇಲೆ ಕೂತ, ತಂಗಿಯ ಕಡೆಗೆ ನೋಡದೆಯೇ, ‘ಬಾ. ನಾನು ಹಿಡ್ಕಂತೀನಿ. ನೀನೇ ಹಾಕು’ ಅಂದ.

ಅವಳು ಕತ್ತಿ ತೆಗೆದುಕೊಂಡಳು. ‘ಯಾವ ಕಿವಿ? ಹೆಂಗ್ ಕಚ್ಚು?’ ಎಂದು ಪಾಪಣ್ಣಜ್ಜ ಕೇಳಿದಾಗಲೇ ಅವಳಿಗೆ ಅದು ಹೊಳೆದದ್ದು. ಇಪ್ಪತ್ತು ದಿನದಿಂದ ನನ್ನ ಗುರುತು ನನ್ನ ಗುರುತು ಅಂದವಳು, ಅದು ಹೇಗಿರಬೇಕು ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಬೇಡವಾದವುಗಳೇ ತಲೆಯ ತುಂಬ ಇದ್ದವು. ಸೀಳು ಬೇಡ, ಜೋಡಿಕಚ್ಚು ಬೇಡ. ಎಲ್ಲರೂ ನೋಡುತ್ತಿದ್ದರು, ಗೊತ್ತಿಲ್ಲ ಅನ್ನುವ ಹಾಗಿರಲಿಲ್ಲ. ಎಡಗಿವಿಯನ್ನು ಬೆರಳುಗಳ ನಡುವೆ ಹಿಡಿದಳು. ಅದು ಬೆಚ್ಚಗಿತ್ತು. ಅಂಚಿನಲ್ಲಿ ನೆಟ್ಟಗೆ ಒಂದೇ ಕಚ್ಚು ಎಂದು ಆ ಗಳಿಗೆಯಲ್ಲಿ ನಿಶ್ಚಯಿಸಿ ಕತ್ತಿ ಒತ್ತಿದಳು. ಮರಿ ಕಿರುಚಿ ತಲೆ ಒದರಿತು, ಪಾಲಣ್ಣನ ಕೈ ಅಲುಗಿತೋ ಅವಳ ಕೈ ಅಲುಗಿತೋ, ಕತ್ತಿ ಜಾರಿ ಅಂಚಿನಿಂದ ತುದಿಯವರೆಗೆ ಓರೆಯಾಗಿ ಹರಿದುಹೋಯಿತು. ಕಿವಿಯ ಒಂದು ಚೂರು ಸೊಟ್ಟಗೆ ಜೋತಾಡಿ ಬಿತ್ತು. ಯಾವ ಮನೆಯ ಗುರುತೂ ಹಾಗಿರಲಿಲ್ಲ. ಅದು ಗುರುತಿನ ಹಾಗೆಯೇ ಇರಲಿಲ್ಲ, ನಾಯಿ ಕಚ್ಚಿದ ಹಾಗಿತ್ತು.

‘ಕೆಟ್ಟೋಯ್ತು’ ಅಂದಳು. ‘ಬಲಗಿವಿಗೆ ಸರಿಯಾಗಿ ಹಾಕ್ತೀನಿ.’

‘ಮುಗೀತು’ ಅಂದ ಪಾಪಣ್ಣಜ್ಜ. ‘ಮೊದ್ಲು ಬಿದ್ದಿದ್ದೇ ಗುರುತು. ಇನ್ಮ್ಯಾಲೆ ನಿನ್ನ ಮರಿ ಹತ್ತು ಹುಟ್ಲಿ, ನೂರು ಹುಟ್ಲಿ, ಎಲ್ಲಕ್ಕೂ ಹಿಂಗೇ ಸೊಟ್ಟ ಹಾಕಬೇಕು. ನೆಟ್ಟಗೆ ಹಾಕಿದ್ಯೋ, ಅದು ನಿಂದಲ್ಲ.’ ಅವನು ನಗುತ್ತಿರಲಿಲ್ಲ. ಕಟ್ಟಳೆ ಹೇಳುವಾಗ ಅವನು ನಗುವವನಲ್ಲ. ಉಳಿದವರು ನಕ್ಕರು, ಪಾಲಣ್ಣನ ಹೊಟ್ಟೆ ಕುಲುಕುವುದು ಮರಿಯ ಮೈಯಲ್ಲಿ ಕಂಡಿತು. ಭೀಮಕ್ಕ ಯಾರ ಮುಖವನ್ನೂ ನೋಡದೆ ಒಲೆಯ ಹತ್ತಿರ ಹೋಗಿ ಹಿಡಿತುಂಬ ಬೂದಿ ತಂದಳು, ಚಿಟಿಕೆಯಲ್ಲ, ಹಿಡಿ. ಗಾಯದ ಮೇಲೆ ಒತ್ತಿ ಹಿಡಿದಾಗ ಅವಳ ಬೆರಳುಗಳ ಪಕ್ಕದಲ್ಲಿ ಅಣ್ಣನ ಬೆರಳುಗಳೂ ಒತ್ತಿಕೊಂಡಿದ್ದವು. ಊಟ ಮುಗಿಸಿ ಬಲೆ ಹೇರಿದರು.

ಆಚೆ ದಡದಲ್ಲಿ ಆಗಬೇಕಾದದ್ದು ಹೊಳೆಯ ನಡುವೆಯೇ ಆಯಿತು. ಹರಪನಹಳ್ಳಿ ಕಡೆಯ ಹಿಂಡೊಂದು ಮೇಲಿನಿಂದ ಇಳಿದು ಬಂದು ಮೊಣಕಾಲು ನೀರಿನಲ್ಲಿ ಇವರದಕ್ಕೆ ಕಲೆತುಬಿಟ್ಟಿತು. ನೀರು, ಕೂಗು, ಕೋಲು, ಒಂದರ ಬೆನ್ನ ಮೇಲೆ ಇನ್ನೊಂದು. ಸೆರಗಿನಲ್ಲಿದ್ದ ಮರಿ ಗಾಬರಿಬಿದ್ದು ಹಾರಿ ನೀರಿಗೆ ಬಿತ್ತು. ಭೀಮಕ್ಕ ಪಾತ್ರೆ ಹೊತ್ತ ಕತ್ತೆಯ ಹಗ್ಗ ಬಿಟ್ಟು ಧಾವಿಸುವಷ್ಟರಲ್ಲಿ ಆ ಕಡೆಯ ಕುರಿಗಾರನೊಬ್ಬ, ನರೆತ ಮೀಸೆಯವನು, ಅದನ್ನು ಎಡಗಿವಿ ಹಿಡಿದು ಮೇಲೆತ್ತಿದ್ದ. ಗುರುತು ನೋಡಿ ಹುಬ್ಬು ಗಂಟಿಕ್ಕಿದ. ‘ಇದ್ಯಾವ ಗುರುತ್ರೀ ಅಜ್ಜಾ? ಇಂಥದ್ದು ನಾನು ನೋಡೇ ಇಲ್ಲ. ಯಾರ್ದಿದು?’

‘ಭೀಮಕ್ಕನ್ದು’ ಅಂದ ಪಾಪಣ್ಣಜ್ಜ.

‘ಭೀಮಕ್ಕ ಅಂದ್ರೆ? ಯಾರ ಮನೆಯೋರು?’

ಕೇಳಬಾರದ ಪ್ರಶ್ನೆ ಹೊಳೆಯ ನಡುವೆಯೂ ಬಂತು. ಭೀಮಕ್ಕನ ಬಾಯಲ್ಲಿ ಮಜ್ಜಿಗೆಯ ಕಹಿ ಮೇಲೆ ಬಂತು. ಪಾಪಣ್ಣಜ್ಜ ಪಾಲಣ್ಣನ ಕಡೆ ನೋಡಿದ. ಪಾಲಣ್ಣ ನೀರಿನಲ್ಲಿ ಕೋಲೂರಿ ನಿಂತಿದ್ದ, ತಲೆಯ ಟವಲು ಬಿಚ್ಚಿ ಹೆಗಲಿಗೆ ಬಿದ್ದಿತ್ತು. ಅವನು ಮೊದಲ ಸಲ ತಿರುಗಿ ತಂಗಿಯನ್ನು ನೋಡಿದ.

‘ನಮ್ಮ ಮಂದೆಯೋಳು’ ಅಂದ. ‘ಆ ಗುರುತು ಅವಳ್ದೇ. ಜಗಳೂರಿಂದ ಸವಳಂಗದ ತನಕ ಯಾರ್ನಾದ್ರೂ ಕೇಳು.’

ಅದು ಸುಳ್ಳು. ಗುರುತು ಹುಟ್ಟಿ ಎರಡು ಗಂಟೆಯೂ ಆಗಿರಲಿಲ್ಲ. ಭೀಮಕ್ಕ ಸೊಂಟಕ್ಕೆ ಸೀರೆ ಸಿಕ್ಕಿಸಿಕೊಂಡು ನೀರು ಸೀಳುತ್ತ ಆ ಮನುಷ್ಯನ ಮುಂದೆ ಹೋಗಿ ನಿಂತಳು.

‘ಮೊದ್ಲು ಕಿವಿ ಬಿಡು’ ಅಂದಳು. ‘ಇನ್ನೂ ಹಸಿ ಐತೆ.’

ಅವನು ಬಿಟ್ಟ.